ಕೆಟ್ಟಾಗ ನೋಡು, ಸರಿಯಿದ್ದಾಗ ಬಿಚ್ಚಬೇಡ

ಅಳಿಯಾ,

ಭಾವನ ಬುಲೆಟ್ ಮತ್ತೆ ದಾರಿಯಲ್ಲಿ ಕೈಕೊಟ್ಟಿತು ಅಂತ ಅಕ್ಕ ಹೇಳಿದಳು. ಬ್ಯಾಟರಿ ಹೊಸದಾಯ್ತು, ಆರ್.ಆರ್. (ರೆಕ್ಟಿಫೈಯರ್–ರೆಗ್ಯುಲೇಟರ್) ಯೂನಿಟ್ ಹೊಸದಾಯ್ತು, ಈಗ ಕಾಯಿಲ್ ಪ್ಲೇಟ್ ತರೋದಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೊರಟಿದ್ದೀಯಂತೆ. ಬಸ್ಸು ಹತ್ತುವ ಮೊದಲು ಇದನ್ನೊಂದಿಷ್ಟು ಓದು. ಚಾರ್ಜಿಂಗ್ ಪೂರ್ತಿ ನಿಂತುಹೋದ ಗಾಡಿಯನ್ನು ಯಾರು ಬೇಕಾದರೂ ಸರಿ ಮಾಡುತ್ತಾರೆ. ಒಂದು ದಿನ ಚಾರ್ಜ್ ಆಗಿ ಇನ್ನೊಂದು ದಿನ ಆಗದ ಗಾಡಿಗೆ ಸ್ಪ್ಯಾನರಿಗಿಂತ ಮೊದಲು ತಾಳ್ಮೆ ಬೇಕು. ಬರೀ ತಾಳ್ಮೆ ಸಾಲದು, ಒಂದು ಕ್ರಮವೂ ಬೇಕು. ಆ ಕ್ರಮವನ್ನು ನಿನಗೆ ದಾಟಿಸಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೋ. ಬಂದು ಹೋಗುವ ದೋಷ ಎಷ್ಟೋ ಸಲ ಮುಟ್ಟಿದ್ದಕ್ಕೇ ಮಾಯವಾಗುತ್ತದೆ. ಹೊಸ ಆರ್.ಆರ್. ಯೂನಿಟ್ ಹಾಕುವಾಗ ನೀನು ವೈರುಗಳು ಕೂಡುವ ಹಳೆಯ ಕಪ್ಲರನ್ನು ಎಳೆದಿರುತ್ತೀಯ, ಮತ್ತೆ ಒತ್ತಿ ಕೂರಿಸಿರುತ್ತೀಯ. ಆ ಎಳೆದಾಟದಲ್ಲಿ ಪಿನ್ನಿನ ಮೇಲಿದ್ದ ಕಿಲುಬು ಉಜ್ಜಿಹೋಗಿ ತಾಮ್ರಕ್ಕೆ ತಾಮ್ರ ಸಿಕ್ಕಿರುತ್ತದೆ. ಗಾಡಿ ಒಂದಷ್ಟು ದಿನ ಚೆನ್ನಾಗಿ ಓಡುತ್ತದೆ. ಹೆಸರು ಹೊಸ ಯೂನಿಟ್ಟಿಗೆ ಹೋಗುತ್ತದೆ. ಆಮೇಲೆ ದೋಷ ತಿರುಗಿ ಬಂದಾಗ ‘ಹೊಸದೂ ಡೂಪ್ಲಿಕೇಟ್ ಮಾಲು’ ಅನ್ನುತ್ತೀಯ. ನಿಜ ಏನೆಂದರೆ ದೋಷ ಕಪ್ಲರಿನಲ್ಲಿತ್ತು, ನೀನೇ ಅದನ್ನು ಒರೆಸಿ ಬಚ್ಚಿಟ್ಟೆ. ಅದಕ್ಕೇ ಗಾಡಿ ಚೆನ್ನಾಗಿರುವಾಗ ಸುಮ್ಮನೆ ಬಿಚ್ಚಬೇಡ. ಕೆಟ್ಟಿರುವಾಗ, ಏನನ್ನೂ ಅಲುಗಿಸದೆ, ಮೊದಲು ಅಳೆ.

ಇನ್ನು ಗಾಡಿಯ ವಿಷಯ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಬುಲೆಟ್ಟಿನ ವಿನ್ಯಾಸ ಇಂಗ್ಲೆಂಡಿನ ರೆಡ್ಡಿಚ್‌ನಿಂದ ಬಂತು. ಎರಕದ ಕಬ್ಬಿಣದ ಸಿಲಿಂಡರಿನ ಆ ಎಂಜಿನ್ನಿನ ಮೂಲ ಚೌಕಟ್ಟು ದಶಕಗಟ್ಟಲೆ ಹಾಗೇ ನಡೆಯಿತು. ಆದರೆ ಕರೆಂಟಿನ ಸಾಮಾನು ಕಾಲಕಾಲಕ್ಕೆ ಬದಲಾಯಿತು. 6 ವೋಲ್ಟ್ ಹೋಗಿ 12 ವೋಲ್ಟ್ ಬಂತು, ವೈರಿನ ಬಣ್ಣಗಳು ಬದಲಾದವು. ಅದರ ಮೇಲೆ ಊರೂರಿನ ಎಲೆಕ್ಟ್ರಿಷಿಯನ್ನರು ಹಾರ್ನಿಗೆ, ಇಂಡಿಕೇಟರಿಗೆ, ಹ್ಯಾಲೊಜೆನ್ ಬಲ್ಬಿಗೆ ಅಂತ ತಮ್ಮ ಕೈಚಳಕ ಸೇರಿಸಿದ್ದಾರೆ. ಹಾಗಾಗಿ ಪುಸ್ತಕದ ವೈರಿಂಗ್ ನಕ್ಷೆ ನಿನ್ನ ಗಾಡಿಗೆ ಹೊಂದುತ್ತದೆ ಅಂತ ನಂಬಬೇಡ. ಒಂದು ಹಾಳೆ ತಗೊಂಡು ವೈರ್ ವೈರನ್ನೂ ಕಣ್ಣಲ್ಲಿ ಹಿಂಬಾಲಿಸಿ ನಿನ್ನದೇ ನಕ್ಷೆ ಬರೆ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ಆಂಪಿಯರ್ ಮೀಟರ್, ಅಲ್ಲಿಂದ ಇಗ್ನಿಷನ್ ಸ್ವಿಚ್, ಈ ಕಡೆಯಿಂದ ಆರ್.ಆರ್. ಯೂನಿಟ್ಟಿನ ವೈರ್ ಎಲ್ಲಿ ಬಂದು ಸೇರುತ್ತದೆ ಅನ್ನುವುದು ಹಾಳೆಯ ಮೇಲೆ ಕಾಣಬೇಕು. ಈ ನಕ್ಷೆ ಬರೆಯುವಾಗಲೇ ಅರ್ಧ ಗಾಡಿಗಳ ಕಳ್ಳ ಜಾಯಿಂಟು ಸಿಕ್ಕಿಬೀಳುತ್ತದೆ.

ಒಳಗೆ ನಡೆಯುವುದು ಇಷ್ಟೇ. ಎಡಗಡೆ ಪ್ರೈಮರಿ ಚೈನ್ ಕವರಿನ ಒಳಗೆ ಕ್ರ್ಯಾಂಕಿನ ತುದಿಯಲ್ಲಿ ಮ್ಯಾಗ್ನೆಟ್ ರೋಟರ್ ತಿರುಗುತ್ತದೆ. ಅದರ ಸುತ್ತ ಕೂತ ಕಾಯಿಲ್ ಪ್ಲೇಟಿನಲ್ಲಿ ಎ.ಸಿ. ಹುಟ್ಟುತ್ತದೆ. ಆರ್.ಆರ್. ಯೂನಿಟ್ ಅದನ್ನು ಡಿ.ಸಿ. ಮಾಡಿ, ಹೆಚ್ಚಾಗದಂತೆ ಹಿಡಿದು, ಬ್ಯಾಟರಿಗೆ ಕಳಿಸುತ್ತದೆ. ನಿನ್ನದು ಪಾಯಿಂಟ್ಸ್ ಇರುವ ಗಾಡಿ, ಕಿಡಿಗೆ ಬೇಕಾದ ಕರೆಂಟ್ ಬ್ಯಾಟರಿಯಿಂದಲೇ ಹೋಗಬೇಕು. ಅದಕ್ಕೇ ಚಾರ್ಜಿಂಗ್ ನಿಂತ ಮೇಲೂ ಗಾಡಿ ಬ್ಯಾಟರಿಯ ಬಲದಿಂದ ತುಂಬಾ ದೂರ ಓಡಿ ಕೊನೆಗೆ ಎಲ್ಲೋ ನಿಲ್ಲುತ್ತದೆ. ನಿಂತ ಜಾಗಕ್ಕೂ ಕೆಟ್ಟ ಜಾಗಕ್ಕೂ ಸಂಬಂಧ ಇರುವುದಿಲ್ಲ. ನೀನು ನಿಂತ ಜಾಗದ ಬಗ್ಗೆಯೇ ಎಲ್ಲರಿಗೂ ಹೇಳುತ್ತಿದ್ದೀಯ. ಚಾರ್ಜಿಂಗ್ ಎಲ್ಲಿ ನಿಂತಿತು ಅನ್ನುವುದು ನಿನಗೆ ಗೊತ್ತೇ ಇಲ್ಲ.

ಹುಡುಕಲು ಹೊರಡುವ ಮೊದಲು ಇದು ನಿಜಕ್ಕೂ ಬಂದು ಹೋಗುವ ದೋಷವೇ ಅಂತ ಕೇಳಿಕೋ. ಎಷ್ಟೋ ಗಾಡಿಗಳಲ್ಲಿ ಏನೂ ಕೆಟ್ಟಿರುವುದಿಲ್ಲ, ಸಂಬಳಕ್ಕಿಂತ ಖರ್ಚು ಹೆಚ್ಚಾದ ಮನೆಯ ಕಥೆಯಷ್ಟೆ. 60 ವ್ಯಾಟಿನ ಹ್ಯಾಲೊಜೆನ್ ಬಲ್ಬ್ 12 ವೋಲ್ಟಿನಲ್ಲಿ 5 ಆಂಪಿಯರ್ ತಿನ್ನುತ್ತದೆ. ಅದರ ಮೇಲೆ ಇಗ್ನಿಷನ್, ಟೈಲ್ ಲ್ಯಾಂಪ್, ಬ್ರೇಕ್ ಲೈಟ್, ಹಾರ್ನ್. ಸಂಜೆ ಟ್ರಾಫಿಕ್ಕಿನಲ್ಲಿ ಎಂಜಿನ್ ಸ್ಲೋನಲ್ಲೇ ಗುಡುಗುಡು ಅನ್ನುತ್ತಿದ್ದರೆ ಹಳೆಯ ಕಾಯಿಲ್ ಪ್ಲೇಟ್ ಅಷ್ಟನ್ನು ಹುಟ್ಟಿಸುವುದಿಲ್ಲ. ಹಗಲು ಹೈವೇಯಲ್ಲಿ ಚೆನ್ನಾಗಿದ್ದ ಗಾಡಿ ರಾತ್ರಿ ಊರೊಳಗೆ ಸೊರಗಿದರೆ ಮೊದಲು ಬಲ್ಬಿನ ವ್ಯಾಟ್ ನೋಡು.

ಇನ್ನೊಂದು, ನಿಂತಲ್ಲೇ ಸೋರುವ ಕರೆಂಟು. ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಮೇಲಿಟ್ಟು ಸೇರಿಸು. ಈ ಹಳೇ ಗಾಡಿಯಲ್ಲಿ ಗಡಿಯಾರವಿಲ್ಲ, ಅಲಾರಂ ಇಲ್ಲ, ಹಾಗಾಗಿ ಸೊನ್ನೆಯೇ ತೋರಿಸಬೇಕು. 50 ಮಿಲಿಆಂಪಿಯರ್ ಸೋರಿದರೂ ವಾರಕ್ಕೆ ಎಂಟು ಆಂಪಿಯರ್–ಅವರ್ ಮೀರುತ್ತದೆ. 9 ಆಂಪಿಯರ್–ಅವರ್ ಬ್ಯಾಟರಿಯಾದರೆ ಅಲ್ಲಿಗೆ ಬರಿದಾದಂತೆಯೇ. ಆರ್.ಆರ್. ಯೂನಿಟ್ಟಿನ ಡಯೋಡ್ ಹೋಗಿದ್ದರೆ ಕರೆಂಟ್ ಹಿಂದಕ್ಕೆ ಹರಿದು ಹೀಗಾಗುತ್ತದೆ. ಭಾನುವಾರ ಮಾತ್ರ ಓಡುವ ಗಾಡಿಯಲ್ಲಿ ಇದು ಚಾರ್ಜಿಂಗ್ ದೋಷದ ವೇಷ ಹಾಕಿಕೊಂಡು ಬರುತ್ತದೆ. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಹೆಡ್‌ಲೈಟ್ ಹಾಕಬೇಡ, ಹಾರ್ನ್ ಒತ್ತಬೇಡ, ಕಿಕ್ ಹೊಡೆಯಬೇಡ. ಮೀಟರಿನ ಫ್ಯೂಸ್ ಹೋಗುತ್ತದೆ.

ಆಮೇಲೆ ಬ್ಯಾಟರಿ. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ ಒಂದು ರಾತ್ರಿ ಸುಮ್ಮನೆ ಬಿಡು. ಬೆಳಿಗ್ಗೆ 12.6 ವೋಲ್ಟ್ ಅಥವಾ ಸ್ವಲ್ಪ ಮೇಲಿರಬೇಕು. ಹೆಡ್‌ಲೈಟ್ ಹಾಕಿ ಕೆಲ ನಿಮಿಷ ಬಿಟ್ಟಾಗ ಜಾರಿ 11ಕ್ಕೋ 10ಕ್ಕೋ ಬಿದ್ದರೆ ಆ ಬ್ಯಾಟರಿ ಹೊಸದಾದರೂ ಹೋಗಿದೆ. ಹೊಸದು ಅನ್ನುವುದು ಬಿಲ್ಲಿನಲ್ಲಿರುವ ಮಾತು, ಒಳಗಿನ ಸೆಲ್ಲುಗಳ ಜೋಡಣೆ ಬಿರುಕು ಬಿಟ್ಟಿದ್ದರೆ ಬಿಲ್ಲು ಏನು ಮಾಡೀತು? ಹಾಗೆ ಬಿರುಕು ಬಿಟ್ಟದ್ದು ಕುಲುಕಿದಾಗ ಕರೆಂಟ್ ಬಿಡುತ್ತದೆ, ನಿಂತಾಗ ಕೂಡುತ್ತದೆ. ಬ್ಯಾಟರಿ ಹೀಗೆ ಕ್ಷಣಕಾಲ ಬಿಟ್ಟುಕೊಂಡಾಗ ಲೈಟು ಮಂಕಾಗುವ ಬದಲು ಝಗ್ಗನೆ ಹೆಚ್ಚಿ ಬಲ್ಬು ಸುಡುವುದುಂಟು. ಬಲ್ಬುಗಳು ಪದೇ ಪದೇ ಹೋಗುತ್ತಿದ್ದರೆ ಬ್ಯಾಟರಿಯನ್ನೂ ಅದರ ಎರಡು ಟರ್ಮಿನಲ್ಲುಗಳನ್ನೂ ಅನುಮಾನಿಸು.

ಈಗ ಹೆಡ್‌ಲೈಟ್ ಡೂಮಿನ ಮೇಲಿರುವ ಆಂಪಿಯರ್ ಮೀಟರಿಗೆ ಬಾ. ಈಗಿನ ಗಾಡಿಗಳಲ್ಲಿ ಅದಿಲ್ಲ. ನಿನ್ನದರಲ್ಲಿದೆ, ನೀನು ಅದನ್ನು ಅಲಂಕಾರ ಅಂದುಕೊಂಡಿದ್ದೀಯ. ಕಿಕ್ ಹೊಡೆದು ಸ್ವಲ್ಪ ರೇಸ್ ಮಾಡಿದಾಗ ಮುಳ್ಳು ಪ್ಲಸ್ ಕಡೆ ಹೋಗಬೇಕು, ಬ್ಯಾಟರಿ ತುಂಬುತ್ತ ಬಂದಂತೆ ಮಧ್ಯಕ್ಕೆ ಹತ್ತಿರ ಬರಬೇಕು. ಸ್ಲೋನಲ್ಲಿ ಹೆಡ್‌ಲೈಟ್ ಹಾಕಿದರೆ ಮೈನಸ್ ಕಡೆ ಇಳಿಯುವುದು ಸಹಜ, ರೇಸ್ ಮಾಡಿದ ತಕ್ಷಣ ಮೇಲೇಳಬೇಕು. ಎಂಜಿನ್ ಆಫ್ ಇದ್ದು ಹೆಡ್‌ಲೈಟ್ ಹಾಕಿದರೂ ಮುಳ್ಳು ಮಧ್ಯದಲ್ಲೇ ನಿಂತಿದ್ದರೆ ಮೀಟರೇ ಸತ್ತಿದೆ ಅಥವಾ ಯಾರೋ ಅದನ್ನು ಬೈಪಾಸ್ ಮಾಡಿದ್ದಾರೆ. ಒಂದು ಗುಟ್ಟು ಹೇಳುತ್ತೇನೆ: ಕರೆಂಟೆಲ್ಲ ಆ ಮೀಟರಿನ ಹಿಂದಿನ ಎರಡು ಬೋಲ್ಟುಗಳ ಮೂಲಕ ಹರಿಯುತ್ತದೆ. ಬುಲೆಟ್ಟಿನ ನಡುಕಕ್ಕೆ ಆ ನಟ್ಟುಗಳು ಸಡಿಲವಾಗುತ್ತವೆ. ಚಾರ್ಜಿಂಗ್ ತೋರಿಸಬೇಕಾದ ಮೀಟರೇ ಚಾರ್ಜಿಂಗ್ ತಪ್ಪಿಸುವುದನ್ನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ.

ಇಷ್ಟಾದ ಮೇಲೂ ದೋಷ ಉಳಿದಿದ್ದರೆ, ಯಾವುದು ಕೆಟ್ಟಿದೆ ಅಂತ ಕೇಳುವುದನ್ನು ಬಿಟ್ಟು ಯಾವಾಗ ಕೆಡುತ್ತದೆ ಅಂತ ಕೇಳು. ನನ್ನ ಹತ್ತಿರ ಬಂದವರಿಗೆಲ್ಲ ನಾನು ಕೇಳುತ್ತಿದ್ದದ್ದು ಇದನ್ನೇ.

ತಣ್ಣಗಿದ್ದಾಗ ಸರಿ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಕೆಡುತ್ತದೆಯೇ? ಹಾಗಾದರೆ ಕಾಯಿಲ್ ಪ್ಲೇಟ್ ಅಥವಾ ಆರ್.ಆರ್. ಯೂನಿಟ್. ಕಾಯಿಲಿನ ಸುತ್ತು ಒಳಗೆ ಬಿರಿದಿದ್ದರೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಕೂಡುತ್ತದೆ. ಆರ್.ಆರ್. ಯೂನಿಟ್ ಹೆಚ್ಚಾದ ಕರೆಂಟನ್ನು ಶಾಖವಾಗಿ ಕಳೆಯಬೇಕು. ಚಂದ ಕಾಣಲಿ ಅಂತ ಅದನ್ನು ಟೂಲ್ ಬಾಕ್ಸಿನೊಳಗೆ ಅಡಗಿಸಿದವರ ಗಾಡಿಯಲ್ಲಿ ಅದು ಬೇಯುತ್ತದೆ.

ಹಳ್ಳಕೊಳ್ಳದಲ್ಲಿ ಹಾರಿಸಿದಾಗ ಕೆಡುತ್ತದೆಯೇ? ಫ್ಯೂಸ್ ಹೋಲ್ಡರ್, ಬ್ಯಾಟರಿಯ ಟರ್ಮಿನಲ್, ಆಂಪಿಯರ್ ಮೀಟರಿನ ನಟ್ಟು, ಕಪ್ಲರಿನೊಳಗೆ ಅಗಲವಾದ ಪಿನ್ನು. ಗ್ಲಾಸ್ ಫ್ಯೂಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಅದನ್ನು ಹಿಡಿದಿರುವ ಸ್ಪ್ರಿಂಗ್ ಬಲ ಕಳೆದುಕೊಂಡಿರುತ್ತದೆ.

ಹ್ಯಾಂಡಲ್ ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಕೆಡುತ್ತದೆಯೇ? ಫೋರ್ಕಿನ ಹತ್ತಿರ ವೈರಿಂಗ್ ಕಿಟ್ ಮಡಚಿಕೊಳ್ಳುವ ಜಾಗ ನೋಡು. ಹೊರಗಿನ ಪ್ಲಾಸ್ಟಿಕ್ ಇಡಿಯಾಗಿದ್ದು ಒಳಗಿನ ತಾಮ್ರದ ಎಳೆಗಳು ತುಂಡಾಗಿರುವುದುಂಟು. ಬೆರಳಲ್ಲಿ ಮಡಚಿದರೆ ಆ ಜಾಗ ಮಾತ್ರ ಬಳಬಳ ಅನ್ನುತ್ತದೆ.

ಮಳೆಯಲ್ಲಿ, ವಾಟರ್ ಸರ್ವಿಸ್ ಆದ ಮೇಲೆ ಕೆಡುತ್ತದೆಯೇ? ಕಪ್ಲರುಗಳಲ್ಲಿ ಹಸಿರು ಕಿಲುಬು ಕೂತಿದೆ. ಒಂದು ವೇಗಕ್ಕೆ ಬಂದಾಗ ಮಾತ್ರ ಕೆಡುತ್ತದೆಯೇ? ಪ್ರೈಮರಿ ಕೇಸಿನೊಳಗೆ ವೈರು ನಡುಗುತ್ತಿದೆ ಅಥವಾ ರೋಟರ್ ಸಡಿಲವಾಗಿದೆ.

ಇನ್ನು ಕೊನೆಯ ಪ್ರಶ್ನೆ, ಹಳೇ ಗಾಡಿಯ ಹುಡುಗರಿಗೆ ತಪ್ಪದೆ ಕೇಳಬೇಕಾದದ್ದು: ಬಣ್ಣ ಹೊಡೆಸಿ ತಂದ ಮೇಲೆ ಶುರುವಾಯಿತೇ? ಪೌಡರ್ ಕೋಟಿಂಗ್ ಕರೆಂಟನ್ನು ಬಿಡುವುದಿಲ್ಲ. ಆರ್.ಆರ್. ಯೂನಿಟ್ಟಿನ ಮೈ, ಬ್ಯಾಟರಿಯ ಅರ್ತಿಂಗ್ ವೈರ್, ಎರಡೂ ಬಣ್ಣದ ಮೇಲೆ ಕೂತಿದ್ದರೆ ಬೋಲ್ಟಿನ ಮರೆಯಲ್ಲಿ ಒಂದಿಷ್ಟು ಜಾಗದಲ್ಲಿ ಮಾತ್ರ ಲೋಹ ಲೋಹಕ್ಕೆ ತಾಗುತ್ತಿರುತ್ತದೆ. ನಡುಗಿದಾಗ ಅದೂ ಬಿಡುತ್ತದೆ. ಭಾವನ ಗಾಡಿಗೆ ಕಳೆದ ವರ್ಷ ನೀನು ಹೊಸ ಬಣ್ಣ ಹೊಡೆಸಿದ್ದು ನೆನಪಿದೆ ತಾನೆ?

ಉತ್ತರಗಳನ್ನು ಊಹೆಯಿಂದ ಹೇಳಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ಪುಟ್ಟ ಡಿಜಿಟಲ್ ವೋಲ್ಟ್‌ಮೀಟರ್ ತಂದು ಹ್ಯಾಂಡಲಿಗೆ ಕಟ್ಟು. ಅದರ ಎರಡು ವೈರನ್ನು ನೇರ ಬ್ಯಾಟರಿಗೇ ಕೊಡು, ನಡುವೆ ಒಂದು ಸಣ್ಣ ಫ್ಯೂಸ್ ಹಾಕು. ಗಾಡಿಯ ಹಳೆಯ ವೈರಿಗೆ ಅದನ್ನು ಸೇರಿಸಿದರೆ ಆ ವೈರಿನ ಸುಳ್ಳನ್ನೇ ಅದೂ ಹೇಳುತ್ತದೆ. ಎಂಜಿನ್ ಸ್ವಲ್ಪ ವೇಗವಾಗಿ ಓಡುವಾಗ 13.8ರಿಂದ 14.5ರವರೆಗೆ ಇದ್ದರೆ ಚಾರ್ಜಿಂಗ್ ಸರಿ. 12.5ರ ಕೆಳಗೆ ಬಂದು ಇಳಿಯುತ್ತಲೇ ಇದ್ದರೆ ಬ್ಯಾಟರಿಗೆ ಏನೂ ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ಬಿಟ್ಟಿದೆ ಅಥವಾ ಅದರ ಅರ್ತಿಂಗ್ ಸರಿಯಿಲ್ಲ, ಬ್ಯಾಟರಿ ಕುದಿಯುತ್ತದೆ.

ಹೊರಟಾಗ ಹಿಂದೆ ಒಬ್ಬನನ್ನು ಕೂರಿಸಿಕೋ. ಮೀಟರ್ ನೋಡಿ ಬರೆಯುವ ಕೆಲಸ ಅವನದು, ರಸ್ತೆ ನೋಡುವುದು ನಿನ್ನದು. ಪ್ರತಿ ಸಲವೂ ಒಂದೇ ದಾರಿ ಹಿಡಿ. ನಿನಗೆ ಹಾಸನದಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. ಬಯಲಿನಲ್ಲಿ ಒಂದೇ ಸಮನೆ ಓಟ ಸಿಗುತ್ತದೆ. ಇಳಿದು ತಿರುಗಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಕಾಯುತ್ತದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗುತ್ತದೆ. ವೋಲ್ಟ್ ಎಷ್ಟು, ಹೆಡ್‌ಲೈಟ್ ಹಾಕಿತ್ತೋ ಇಲ್ಲವೋ, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿತ್ತು, ರಸ್ತೆ ಹೇಗಿತ್ತು ಅನ್ನುವ ನಾಲ್ಕು ವಿಷಯ ಬರೆದರೆ ಸಾಕು. ಎರಡು ಮೂರು ಸಲ ಹೋಗಿ ಬಂದರೆ ಹಾಳೆಯ ಮೇಲೆ ದೋಷದ ಚಾಳಿ ಕಾಣತೊಡಗುತ್ತದೆ.

ಕೆಟ್ಟ ಗಳಿಗೆ ಸಿಕ್ಕಿದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸು, ಎಂಜಿನ್ ಆಫ್ ಮಾಡಬೇಡ. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಆರ್.ಆರ್. ಯೂನಿಟ್ಟಿನಿಂದ ಹೊರಡುವ ಪ್ಲಸ್ ವೈರಿಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೇ ಹಿಡಿ. ಇನ್ನೊಬ್ಬ ರೇಸ್ ಮಾಡಲಿ. ಎರಡು ತುದಿಗಳ ನಡುವೆ 0.2, 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ವೋಲ್ಟನ್ನು ನಡುವಿನ ಯಾವುದೋ ಜಾಯಿಂಟ್ ನುಂಗುತ್ತಿದೆ. ಹಾಗೇ ಯೂನಿಟ್ಟಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಹಿಡಿದು ನೋಡು. ವೈರನ್ನು ಬಿಚ್ಚಿ ಓಮ್ಸಿನಲ್ಲಿ ಅಳೆದರೆ ಇದು ಸಿಗುವುದಿಲ್ಲ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಕಳಿಸುವ ಅತಿ ಸಣ್ಣ ಕರೆಂಟಿಗೆ ಅದು ಸಾಕು, ಮೀಟರ್ ‘ಕೀಂ’ ಅಂತ ಸದ್ದು ಮಾಡಿ ನಿನ್ನನ್ನು ನಂಬಿಸುತ್ತದೆ. 5 ಆಂಪಿಯರ್ ಹರಿಯುವಾಗ ಮಾತ್ರ ಅದರ ಬಣ್ಣ ಬಯಲಾಗುವುದು. ಬರೀ 0.1 ಓಮ್ಸ್ ಇದ್ದರೂ ಅಲ್ಲಿ ಅರ್ಧ ವೋಲ್ಟ್ ಹೋಯಿತು.

ವೈರು, ಅರ್ತಿಂಗ್ ಎರಡೂ ಸರಿಯಿದ್ದರೆ ಉಳಿದದ್ದನ್ನು ಎರಡು ಭಾಗ ಮಾಡು. ಎಂಜಿನ್ ಆಫ್ ಮಾಡಿ, ಬಿಸಿ ಆರುವ ಮೊದಲೇ ಕಾಯಿಲಿನಿಂದ ಬರುವ ಕಪ್ಲರ್ ಬಿಚ್ಚಿ, ಮತ್ತೆ ಸ್ಟಾರ್ಟ್ ಮಾಡಿ ಕಾಯಿಲಿನ ವೈರುಗಳ ನಡುವೆ ಎ.ಸಿ. ಅಳೆ. ರೇಸ್ ಮಾಡಿದಂತೆಲ್ಲ ಅದು ಏರುತ್ತ ಹೋಗಬೇಕು. ಕೈ ತಾಗಿಸಬೇಡ, ವೋಲ್ಟ್ ಜೋರಾಗಿಯೇ ಇರುತ್ತದೆ. ತಣ್ಣಗಿದ್ದಾಗಿನ ಅಳತೆಯನ್ನು ಮೊದಲೇ ಬರೆದಿಟ್ಟಿದ್ದರೆ ಈಗ ಹೋಲಿಸಬಹುದು. ಎ.ಸಿ. ಬಿದ್ದಿದ್ದರೆ ದೋಷ ಚೈನ್ ಕವರಿನೊಳಗೆ. ಎ.ಸಿ. ಸರಿಯಿದ್ದು ಬ್ಯಾಟರಿಗೆ ಮಾತ್ರ ಬರುತ್ತಿಲ್ಲವಾದರೆ ಆರ್.ಆರ್. ಯೂನಿಟ್. ಎಂಜಿನ್ ನಿಲ್ಲಿಸಿ ಕಾಯಿಲಿನ ವೈರಿಗೂ ಬಾಡಿಗೂ ನಡುವೆ ಓಮ್ಸ್ ನೋಡು. ಕಾಯಿಲಿನ ಒಂದು ತುದಿಯನ್ನು ಬಾಡಿಗೇ ಕೊಟ್ಟ ಮಾದರಿ ಅಲ್ಲದಿದ್ದರೆ ಅಲ್ಲಿ ಏನೂ ತೋರಿಸಬಾರದು. ಈಗ ಹೇಳು, ಈ ಅಳತೆಗೆ ಮೊದಲು ಜೆ.ಸಿ. ರೋಡಿಗೆ ಹೋಗಿ ಏನು ತರುತ್ತಿದ್ದೆ?

ದೋಷ ಕವರಿನೊಳಗೆ ಅಂತ ಖಾತ್ರಿಯಾದರೆ ಮಾತ್ರ ಅದನ್ನು ಬಿಚ್ಚು. ನಡುವಿನ ಒಂದೇ ದೊಡ್ಡ ನಟ್ಟಿನ ಮೇಲೆ ಆ ಕವರ್ ನಿಂತಿದೆ. ಕೆಳಗೆ ಬೋಗುಣಿ ಇಡು, ಆಯಿಲ್ ಸುರಿಯುತ್ತದೆ. ಕಾಯಿಲಿನ ವೈರು ಚೈನಿಗೆ ಉಜ್ಜಿದೆಯೇ, ಹೊರಬರುವ ರಬ್ಬರ್ ಬುಶ್ಶಿನ ಹತ್ತಿರ ಆಯಿಲ್ ಮತ್ತು ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ ನೋಡು. ಬಹಳ ಸಲ ಕಾಯಿಲ್ ಚೆನ್ನಾಗಿರುತ್ತದೆ, ಅದರ ಬಾಲ ಸವೆದಿರುತ್ತದೆ. ರೋಟರಿಗೂ ಕಾಯಿಲ್ ಪ್ಲೇಟಿಗೂ ನಡುವೆ 0.2 ಮಿ.ಮೀ. ಫೀಲರ್ ಗೇಜ್ ಸುತ್ತಲೂ ತಡೆಯಿಲ್ಲದೆ ಓಡಬೇಕು. ಒಂದು ಕಡೆ ಸಿಕ್ಕಿಕೊಂಡರೆ ರೋಟರ್ ಉಜ್ಜುತ್ತಿರುವುದು ಅಲ್ಲೇ.

ದಾರಿಬದಿಯಲ್ಲಿ ಯಾರಾದರೂ ಚಾರ್ಜಿಂಗ್ ನೋಡ್ತೀನಿ ಅಂತ ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಕೀಳಲು ಬಂದರೆ ಕೈ ಹಿಡಿದು ನಿಲ್ಲಿಸು. ಡೈನಮೊ ಕಾಲದಿಂದ ಬಂದ ಚಾಳಿ ಅದು. ಬ್ಯಾಟರಿ ಇಲ್ಲದಾಗ ವೋಲ್ಟ್ ಏರಿ ಆರ್.ಆರ್. ಯೂನಿಟ್ಟೂ ಬಲ್ಬುಗಳೂ ಒಟ್ಟಿಗೆ ಹೋಗಬಹುದು. ಬಂದು ಹೋಗುತ್ತಿದ್ದ ದೋಷ ಅಲ್ಲಿಗೆ ಕಾಯಂ ಆಗುತ್ತದೆ.

ಸಿಕ್ಕಿದ ದೋಷವನ್ನು ಸರಿ ಮಾಡುವುದರಲ್ಲೂ ನಿಯತ್ತು ಬೇಕು. ವೈರನ್ನು ಹೊಸೆದು ಟೇಪ್ ಸುತ್ತಿದರೆ ಅದು ಮುಂದಿನ ಬೇಸಿಗೆಯ ದೋಷ, ಬಿಸಿಗೆ ಅಂಟು ಕರಗಿ ಟೇಪ್ ಜಾರುತ್ತದೆ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರ್ ಬಿಗಿಯಾಗಿ, ನಡುಕಕ್ಕೆ ಅಲ್ಲೇ ತುಂಡಾಗುತ್ತದೆ. ಸರಿಯಾದ ಅಳತೆಯ ಲಗ್ಗನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ, ಸ್ಲೀವ್ ಹಾಕಿ, ಜಾಯಿಂಟಿನ ಎರಡೂ ಕಡೆ ವೈರನ್ನು ಅಲುಗದಂತೆ ಕಟ್ಟು. ಅರ್ತಿಂಗ್ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸು. ಆರ್.ಆರ್. ಯೂನಿಟ್ಟಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಬೇರೆಯೇ ಒಂದು ವೈರ್ ಎಳೆ. ಒಂದು ಸಲಕ್ಕೆ ಒಂದನ್ನೇ ಸರಿ ಮಾಡು. ಒಟ್ಟಿಗೆ ಮೂರು ಮಾಡಿದರೆ ಯಾವುದು ಗುಣ ಕೊಟ್ಟಿತು ಅಂತ ನಿನಗೂ ಗೊತ್ತಾಗುವುದಿಲ್ಲ.

ಕೊನೆಯದಾಗಿ, ‘ಸರಿ ಮಾಡಿದೆ’ ಅನ್ನುವ ಮಾತನ್ನು ಯಾವಾಗ ಆಡಬೇಕು ಅಂತ ಹೇಳಿಬಿಡುತ್ತೇನೆ. ನೀನು ಬಿಗಿ ಮಾಡಿದ ನಟ್ಟನ್ನು ಮತ್ತೆ ಸಡಿಲ ಮಾಡು, ಹೊಸ ಅರ್ತಿಂಗ್ ವೈರನ್ನು ಎಂಜಿನ್ ನಿಲ್ಲಿಸಿ ತೆಗೆ, ಅದೇ ದಾರಿಯಲ್ಲಿ ಹೋಗು. ದೋಷ ತಿರುಗಿ ಬರಬೇಕು. ಮತ್ತೆ ಸರಿ ಮಾಡಿ ಹೋಗು, ದೋಷ ಹೋಗಬೇಕು. ನಿನ್ನ ಕೈಯಲ್ಲಿ ಬಾ ಅಂದರೆ ಬರುವ, ಹೋಗು ಅಂದರೆ ಹೋಗುವ ದೋಷ ಮಾತ್ರ ಸಿಕ್ಕ ದೋಷ. ತಾನಾಗಿ ಬಂದು ತಾನಾಗಿ ಹೋದದ್ದು ಇನ್ನೂ ಗಾಡಿಯಲ್ಲೇ ಇದೆ. ಅಂಥದ್ದಾದರೆ ‘ಸರಿಯಾಯ್ತು’ ಅಂತ ಭಾವನಿಗೆ ಹೇಳಬೇಡ. ‘ಸದ್ಯಕ್ಕೆ ಕಾಣಿಸ್ತಿಲ್ಲ, ವೋಲ್ಟ್‌ಮೀಟರ್ ಹ್ಯಾಂಡಲಿನಲ್ಲೇ ಇರಲಿ’ ಅಂತ ಹೇಳು. ಮೀಟರ್ ಕಟ್ಟಿಕೊಂಡು ಓಡಾಡುವುದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ.

ಇಂತಿ ನಿನ್ನ ಮಾವ